ಅಡುಗೆಮನೆಯ ಎರಡನೇ ಪರದೆ

ಆ ಮಧ್ಯಾಹ್ನ ಎರಡು ಗಂಟೆ ಎಂಟು ನಿಮಿಷಕ್ಕೆ ಹನ್ನೊಂದು ಗಂಡಸರ ಜೀವ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ, ಜೋಳದ ಹಿಟ್ಟಿನ ಡಬ್ಬಿಗೂ ಶೇಂಗಾ ಚಟ್ನಿಯ ಭರಣಿಗೂ ನಡುವೆ ಇತ್ತು. ಆ ಹನ್ನೊಂದು ಜನರಲ್ಲಿ ಒಬ್ಬ ನನ್ನ ಮಗ ಮೌನೇಶ. ಅವನನ್ನು ಮೇಲೆ ಎತ್ತಬೇಕಾದವಳು ಅವನ ಹೆಂಡತಿ ನೀಲಗಂಗಾ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಮಡಚುವ ಕಂಪ್ಯೂಟರ್ ಮುಂದೆ ಕೂತಿದ್ದಳು. ನಾನು ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದೆ.

ನಮ್ಮ ಹುಲಿಗಲ್ಲಿನ ಚಿನ್ನದ ಗಣಿಯ ಬಾವಿ ಎಂಟು ನೂರು ಮೀಟರ್ ಆಳ. ಕೆಲಸದವರು ಕಬ್ಬಿಣದ ಪಂಜರದಲ್ಲಿ ನಿಂತು ಇಳಿಯುತ್ತಾರೆ, ಏರುತ್ತಾರೆ. ಆ ಪಂಜರದ ಹಗ್ಗ ಸುತ್ತುವ ಯಂತ್ರವನ್ನು ಮೊದಲು ಮೂವತ್ತು ವರ್ಷ ನಡೆಸಿದವನು ನನ್ನ ಗಂಡ ಜಂಬಣ್ಣ. ಅವನ ಕಾಲದಲ್ಲಿ ಪರದೆಯೂ ಇಲ್ಲ, ಪಡಸಾಲೆಯೂ ಇಲ್ಲ. ಒಂದು ಗಂಟೆ ಇತ್ತು, ಅಷ್ಟೇ. ಕೆಳಗಿನವರು ಹಗ್ಗ ಎಳೆದರೆ ಮೇಲೆ ಗಂಟೆ ಹೊಡೆಯುತ್ತಿತ್ತು. ಒಂದು ಹೊಡೆತವೆಂದರೆ ನಿಲ್ಲಿಸು, ಅಲುಗಾಡಬೇಡ. ಎರಡು, ಇಳಿಸು. ಮೂರು, ಒಳಗೆ ಮನುಷ್ಯರಿದ್ದಾರೆ. ನಾಲ್ಕು, ಎತ್ತು. ಮೂರು ಕೇಳದೆ ನಾಲ್ಕು ಕೇಳಿದರೆ ಅವನು ಕೈ ಕಟ್ಟಿ ಕೂತುಬಿಡುತ್ತಿದ್ದ. ಮ್ಯಾನೇಜರ್ ಬಂದು ಕಾಲಿಗೆ ಬಿದ್ದರೂ ಹಗ್ಗ ಒಂದು ಅಂಗುಲ ಸರಿಯುತ್ತಿರಲಿಲ್ಲ.

ಮನೆಯಲ್ಲೂ ಅವನದು ಅದೇ ಭಾಷೆ. ನನ್ನ ಮಾತು ಜಾಸ್ತಿಯಾದರೆ ಹಿತ್ತಾಳೆ ಲೋಟದ ಮೇಲೆ ಒಂದು ಸಲ ಕುಟ್ಟುತ್ತಿದ್ದ, ನಿಲ್ಲಿಸು ಅಂತ. ಮೂವತ್ತು ವರ್ಷ ಪೆಟ್ಟು ತಿಂದು ತಿಂದು ಆ ಲೋಟ ತಟ್ಟೆಯಾಗಿ ಹೋಗಿತ್ತು. ನನ್ನ ಮಾತು ಮಾತ್ರ ನಿಂತಿರಲಿಲ್ಲ.

ಅವನು ಹೋದ ಮೇಲೆ ಯಂತ್ರದ ಮನೆಗೆ ಬೀಗ ಬಿತ್ತು. ಬಾವಿಯ ಬಾಯಿಗೆ ಹೊಸ ಕಂಟ್ರೋಲ್ ರೂಮ್ ಬಂತು. ಅಲ್ಲಿ ಗೋಡೆಯ ತುಂಬ ಪರದೆ. ಪಂಜರದೊಳಗಿನ ಜನ ಒಂದರಲ್ಲಿ, ಹಗ್ಗದ ಲೆಕ್ಕ ಇನ್ನೊಂದರಲ್ಲಿ, ಬಾಗಿಲು ಮತ್ತೊಂದರಲ್ಲಿ. ನೀಲಗಂಗಾ ಪರೀಕ್ಷೆ ಪಾಸಾಗಿ ಅಲ್ಲಿ ಕೂತಳು. ಮಾವನ ಕೆಲಸ ಸೊಸೆ ಹಿಡಿದಳು ಎಂದು ಇಡೀ ಕಾಲೊನಿಗೆ ನಾನೇ ಸಕ್ಕರೆ ಹಂಚಿದೆ. ಅವಳಿಗೆ ಐದು ತಿಂಗಳಾದಾಗ ಡಾಕ್ಟರಮ್ಮ ಮೆಟ್ಟಿಲು ಹತ್ತಬಾರದು ಎಂದರು. ಗಣಿಯವರು, ಆಗಲಿ ಮನೆಯಿಂದಲೇ ನಡೆಸು ಎಂದು ಮಡಚುವ ಕಂಪ್ಯೂಟರನ್ನೂ ಪಂಜರ ಎತ್ತುವ ಹಿಡಿಕೆಯನ್ನೂ ಕೊಟ್ಟು ಕಳಿಸಿದರು. ನಮ್ಮ ಮನೆಯೂ ಬಾವಿಯೂ ಒಂದೇ ಕಾಂಪೌಂಡಿನ ಆಚೆ ಈಚೆ. ಯಂತ್ರದ ತಂತಿ ಅಡುಗೆಮನೆಗೇ ಬಂತು, ಏಕೆಂದರೆ ಗಾಳಿ ಬೆಳಕು ಇರುವುದು ಅಲ್ಲಿ ಮಾತ್ರ.

ಹಳೆಯ ಕಾಯಿದೆಯೊಂದು ಯಾರೂ ಅಳಿಸದೆ ಉಳಿದಿತ್ತು. ಪಂಜರ ಎತ್ತುವವರ ಕಿವಿಗೆ ಗಂಟೆ ಕೇಳಬೇಕು ಎಂದು. ಹಾಗಾಗಿ ಜಂಬಣ್ಣನ ಗಂಟೆಯೂ ಬಂದು ಒಲೆಯ ಮೇಲಿನ ಗೋಡೆಗೆ ನೇತುಬಿತ್ತು. ಕೆಳಗೆ, ಬಾವಿಯುದ್ದಕ್ಕೂ ಪಂಜರದ ಪಕ್ಕ ಇಳಿಬಿಟ್ಟ ಹಗ್ಗ ಎಳೆದರೆ ಬೇರೆಯದೇ ತಂತಿಯಲ್ಲಿ, ದಪ್ಪ ಕಬ್ಬಿಣದ ಪೈಪಿನೊಳಗೆ ಕರೆಂಟು ಓಡಿ ಇಲ್ಲಿ ಗಂಟೆ ಹೊಡೆಯುತ್ತಿತ್ತು. ಇಲ್ಲಿ ಅದರ ಪಕ್ಕದ ಹಗ್ಗ ಎಳೆದರೆ ಕೆಳಗೆ ಕೇಳುತ್ತಿತ್ತು. ಬಳಸುವವರು ಯಾರೂ ಇರಲಿಲ್ಲ, ಕೆಳಗೆ ಎಲ್ಲರೂ ಗುಂಡಿ ಒತ್ತುತ್ತಿದ್ದರು. ಮೌನೇಶ ಮಾತ್ರ ಪಂಜರ ಹತ್ತಿದ ಮೇಲೆ ದಿನಾ ಮೂರು ಸಲ ಎಳೆಯುತ್ತಿದ್ದ. ಅಪ್ಪನ ಅಭ್ಯಾಸ. ಅದು ಕೇಳಿದರೆ ನಾನು ಹಂಚು ಇಡುತ್ತಿದ್ದೆ. ಅವನು ಬಾವಿ ಹತ್ತಿ, ಕೈಕಾಲು ತೊಳೆದು, ಒಳಗೆ ಬರುವಷ್ಟರಲ್ಲಿ ರೊಟ್ಟಿ ಉಬ್ಬಿರುತ್ತಿತ್ತು.

ತೊಂದರೆ ಶುರುವಾದದ್ದು ನೀಲಗಂಗಾಳ ಕುತ್ತಿಗೆಯಿಂದ. ಗೋಡೆಯ ತುಂಬ ಇದ್ದದ್ದನ್ನೆಲ್ಲ ಒಂದು ಮೊಳದ ಪರದೆಗೆ ತುರುಕಿದ್ದರು. ಜನರನ್ನು ನೋಡಿದರೆ ಹಗ್ಗದ ಲೆಕ್ಕ ಕಾಣದು, ಲೆಕ್ಕ ನೋಡಿದರೆ ಬಾಗಿಲು ಕಾಣದು. ದಿನಕ್ಕೆ ಹತ್ತು ಸಾವಿರ ಸಲ ಅದನ್ನು ಸರಿಸಿ ಇದನ್ನು ತೆರೆದು ಅವಳ ಕುತ್ತಿಗೆ ಒಣಗಿದ ಬದನೆಯ ತೊಟ್ಟಾಯಿತು. ಇನ್ನೊಂದು ಪರದೆ ಕೊಡಿ ಎಂದು ಬರೆದಳು. ಅದು ನ್ಯಾಯವಾದ ಬೇಡಿಕೆ, ಅಲ್ಲ ಎಂದು ನಾನು ಹೇಳುವುದಿಲ್ಲ.

ಪರದೆ ತಂದವರು ಗಣಿಯ ಪ್ರಯೋಗಾಲಯದ ಎಂಜಿನಿಯರ್ ಪ್ರಾಣೇಶ್. ಬಡಕಲು ಮನುಷ್ಯ, ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕು. ಕಂಪ್ಯೂಟರಿನ ಬೆನ್ನಿಗೆ ಹಪ್ಪಳದಷ್ಟು ತೆಳ್ಳನೆಯ ಹಾಳೆಯೊಂದನ್ನು ಅಂಟಿಸಿ, ಎಳೆದು ಬಲಗಡೆ ನಿಲ್ಲಿಸಿದರು. ಎಡಗಡೆಯ ಪರದೆ ಬಾವಿಯಿಂದ ಬಂದದ್ದನ್ನು ತೋರಿಸುತ್ತದೆ. ಕೆಳಗೆ ತೇವ, ಧೂಳು, ತಂತಿಯ ತಕರಾರು. ಚಿತ್ರ ಮಿಣಕ್ ಎಂದು ಹೋಗುತ್ತದೆ, ಬರುತ್ತದೆ. ಬಲಗಡೆಯದು ಹಾಗಲ್ಲ. ಹತ್ತು ವರ್ಷದಲ್ಲಿ ಪಂಜರ ಎಷ್ಟು ಸಲ ಏರಿತು, ಯಾರು ಯಾವ ಹೊತ್ತಿಗೆ ಎಲ್ಲಿ ನಿಂತರು, ಎಲ್ಲವನ್ನೂ ಅದಕ್ಕೆ ಉಣಿಸಿದ್ದಾರೆ. ಎಡಗಡೆಯ ಚಿತ್ರ ಹೋದರೆ, ಈಗ ಅಲ್ಲಿ ಏನಿರಬೇಕೋ ಅದನ್ನು ಅದು ತಾನೇ ಬಿಡಿಸಿ ತೋರಿಸುತ್ತದೆ. ಮುಂದಿನ ಕೆಲವು ನಿಮಿಷವನ್ನೂ ತೋರಿಸುತ್ತದೆ.

ನಾನು ಕೇಳಿದೆ, "ಅಲ್ರೀ ಸಾಹೇಬ್ರ, ಇದು ನೋಡಿ ಹೇಳತೈತೋ, ಊಹಿಸಿ ಹೇಳತೈತೋ?"

"ಊಹೆ ಅಂದ್ರೂ ಅದ ಅಲ್ರೀ ಆದೆಮ್ಮ. ನೂರಕ್ಕ ತೊಂಬತ್ತೊಂಬತ್ತು ಸಲ ಸರಿ ಇರ್ತದ," ಎಂದರು.

"ನಮ್ಮ ಯಜಮಾನ್ರೂ ಹಂಗ ಅಂತಿದ್ರು, ನನ್ನ ಮಾತು ಕೇಳದನ ಉತ್ತರ ಕೊಡ್ತಿದ್ರು," ಎಂದೆ. ಪಾಪ, ನಕ್ಕರು.

ಮೂರು ವಾರ ಎಲ್ಲವೂ ಬೆಣ್ಣೆಯಂತೆ ನಡೆಯಿತು. ಎಡಗಡೆಯದು ದಿನಕ್ಕೆ ಐದಾರು ಸಲ ಚಿತ್ರ ಹೋಗಿ ಬರೀ ಬೂದಿಬಣ್ಣವಾಗುತ್ತಿತ್ತು. ಬಲಗಡೆಯದು ಮದುವೆಮನೆಯ ಫೋಟೋದಂತೆ ಥಳಥಳ. ಚಿತ್ರ ಮತ್ತೆ ಬಂದಾಗ ನೋಡಿದರೆ ಎರಡೂ ಒಂದೇ. ನೀಲಗಂಗಾಳ ಕುತ್ತಿಗೆ ನೆಟ್ಟಗಾಯಿತು. ಯಾವಾಗ ಅವಳು ಎಡಕ್ಕೆ ನೋಡುವುದನ್ನೇ ಬಿಟ್ಟಳೋ ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಕಾಲೊನಿಯವರು ಬಿಡುತ್ತಾರೆಯೇ. ಅಂಗಡಿಗಳಲ್ಲೂ ಅಂಥ ಹಾಳೆ ಬಂದಿತ್ತು, ಅದನ್ನು ಮನೆಮನೆಯ ಕಂಪ್ಯೂಟರಿಗೂ ಅಂಟಿಸಿಕೊಂಡರು. ಹಾಲು ಉಕ್ಕುವುದನ್ನು ಮೊದಲೇ ಕಂಡು ಒಲೆ ಆರಿಸಿ, ಹಸಿ ಹಾಲು ಕುಡಿದು ಅರ್ಧ ಕಾಲೊನಿಗೆ ಹೊಟ್ಟೆ ಕೆಟ್ಟಿತು. ಪಕ್ಕದ ಮನೆಯ ಟೈಮ್‌ಕೀಪರ್ ವಿರುಪಣ್ಣ, ಪರದೆಯಲ್ಲಿ ಹೆಂಡತಿಯ ಮುಖ ಕೆಂಪಾಗುವುದನ್ನು ಕಂಡು, ಇನ್ನೂ ಆಡದ ಮಾತಿಗೆ ಕ್ಷಮೆ ಕೇಳಿದ. ಯಾವ ಮಾತಿಗೆ ಎಂದು ಅವಳು ಹಿಡಿದು ಕೇಳಿದಳು. ಆ ಜಗಳದ ಸದ್ದಿಗೆ ನನ್ನ ಕಪಾಟಿನ ಮೂರು ಗಾಜಿನ ಬಟ್ಟಲು ಒಡೆದವು.

ನಾನು ಎಲ್ಲರನ್ನೂ ನೋಡಿ ನಕ್ಕೆ. ನಗುತ್ತಲೇ ನಾನೂ ಜಾರಿದೆ. ಅದನ್ನು ಮುಚ್ಚಿಡುವುದಿಲ್ಲ. ಮೌನೇಶನ ಮೂರು ಹೊಡೆತಕ್ಕೆ ಕಾಯುವ ಬದಲು ಬಲಗಡೆಯ ಪರದೆ ನೋಡಿ ಹಂಚು ಇಡತೊಡಗಿದೆ. ಅದರಲ್ಲಿ ಅವನು ಪಂಜರ ಹತ್ತುವುದು ಗಂಟೆಗಿಂತ ಒಂದು ನಿಮಿಷ ಮೊದಲೇ ಕಾಣುತ್ತಿತ್ತು. ಆಮೇಲೆ ನೀಲಗಂಗಾಳ ಸೀಮಂತದ ಕುಬಸ ಬಂತು. ಹಸಿರು ಸೀರೆ ಉಟ್ಟು, ಹೆಂಗಸರು ಉಡಿ ತುಂಬುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಗಂಟೆ ಬಡಿದು, ಹುಡುಗಿ ಬೆಚ್ಚಿಬಿದ್ದಳು. ಬಸುರಿಯನ್ನು ಬೆಚ್ಚಿಬೀಳಿಸಬಾರದು ಎಂದು ಎಲ್ಲರೂ ಗುಸುಗುಸು. ನಾನು ಕುಪ್ಪಸ ಹೊಲಿಯುವ ಹಳೆಯ ಕಣದ ಬಟ್ಟೆಯ ತುಂಡು ತಂದು ಗಂಟೆಯ ನಾಲಗೆಗೆ ಸುತ್ತಿ ಬಿಗಿಯಾಗಿ ಕಟ್ಟಿದೆ. ಮರುದಿನ ಬಿಚ್ಚಬೇಕೆಂದುಕೊಂಡೆ. ಬಿಚ್ಚಲಿಲ್ಲ. ಹೇಗಿದ್ದರೂ ಪರದೆ ಇದೆಯಲ್ಲ.

ಕುಬಸವಾಗಿ ನಾಲ್ಕನೇ ದಿನ. ಎರಡು ಗಂಟೆ ಎಂಟು ನಿಮಿಷ.

ಎಡಗಡೆಯ ಪರದೆ ಬೂದಿಯಾಯಿತು. ಹಗ್ಗದ ಲೆಕ್ಕವೊಂದು ಮೂಲೆಯಲ್ಲಿ ಉಳಿದಿತ್ತು, ಅದು ಮೇಲಿನ ಚಕ್ರದಿಂದ ಬರುವ ಲೆಕ್ಕ. ಎಂಟು ನೂರು ಮೀಟರ್. ಪಂಜರ ತಳದಲ್ಲಿದೆ ಎಂದರ್ಥ. ಬಲಗಡೆ ಎಂದಿನಂತೆ ಹನ್ನೊಂದು ಜನ ಸಾಲಾಗಿ ಪಂಜರ ಹತ್ತಿದರು. ಬಾಗಿಲು ಮುಚ್ಚಿತು. ಕೆಳಗೆ ಹಸಿರು ಪಟ್ಟಿ ಬೆಳಗಿತು, ಸಿದ್ಧ ಎಂದು. ನೀಲಗಂಗಾಳ ಕೈ ಪಂಜರ ಎತ್ತುವ ಹಿಡಿಕೆಯ ಮೇಲೆ ಹೋಯಿತು.

ನಾನು ರೊಟ್ಟಿ ಬಡಿಯುತ್ತಾ ಮಗನ ಮುಖ ನೋಡಿದೆ. ನಗುತ್ತಿದ್ದ. ಎಡಗೈಯಲ್ಲಿ ಸ್ಟೀಲಿನ ಊಟದ ಡಬ್ಬಿ.

ಆ ಡಬ್ಬಿ ನನ್ನ ಮೊಣಕೈಯ ಪಕ್ಕದಲ್ಲಿತ್ತು. ಬೆಳಿಗ್ಗೆ ಅದರ ಹಿಡಿಕೆ ಮುರಿದಿದ್ದರಿಂದ ಅವನಿಗೆ ರೊಟ್ಟಿಯನ್ನು ಕೆಂಪು ವಸ್ತ್ರದಲ್ಲಿ ಕಟ್ಟಿ ಕೊಟ್ಟವಳು ನಾನೇ.

"ನೀಲಾ, ಕೈ ತೆಗಿ," ಎಂದೆ.

ಅವಳು ತಿರುಗಿ ನೋಡಿದಳು. ನಾನು ಡಬ್ಬಿಯನ್ನು ಎತ್ತಿ ಪರದೆಯ ಪಕ್ಕ ಹಿಡಿದೆ. ಒಂದು ಡಬ್ಬಿ ನನ್ನ ಕೈಯಲ್ಲಿ, ಅದೇ ಡಬ್ಬಿ ಎಂಟು ನೂರು ಮೀಟರ್ ಕೆಳಗೆ ನನ್ನ ಮಗನ ಕೈಯಲ್ಲಿ. ಅವಳ ಕೈ ಮೆಲ್ಲಗೆ ಹಿಂದೆ ಬಂತು.

ಕೆಳಗಿನ ಫೋನಿಗೆ ಹಚ್ಚಿದಳು. ಸತ್ತಿತ್ತು. ಕಂಟ್ರೋಲ್ ರೂಮಿಗೆ ಹಚ್ಚಿದಳು. ಪ್ರಾಣೇಶ್ ಎತ್ತಿಕೊಂಡರು. ತಮ್ಮ ಗೋಡೆಯಲ್ಲಿ ಎಲ್ಲ ಸರಿಯಿದೆ, ಜನ ಒಳಗಿದ್ದಾರೆ, ಬಾಗಿಲು ಹಾಕಿದೆ, ಎತ್ತಬಹುದು ಎಂದರು. ಡಬ್ಬಿಯ ಮಾತು ಹೇಳಿದಳು. ಡಬ್ಬಿ ಸಣ್ಣ ವಿಷಯ, ಚಿತ್ರ ಬಿಡಿಸುವಾಗ ಅಂಥದ್ದು ಒಂದೊಂದು ಹೆಚ್ಚುಕಡಿಮೆ ಆಗುತ್ತದೆ ಎಂದರು. ಆಮೇಲೆ ದನಿ ಬದಲಾಯಿತು. ಕೆಳಗಿನ ಹೊಗೆ ಮೀಟರೂ ಸತ್ತಿದೆ, ತಂತಿ ಎಲ್ಲೋ ಕಡಿದಿದೆ, ಏನಾದರೂ ಬಿದ್ದಿದ್ದರೆ ಅವರನ್ನು ಅಲ್ಲಿ ನಿಲ್ಲಿಸಿಕೊಳ್ಳುವುದೂ ಅಪಾಯ, ಬೇಗ ಎತ್ತಿ ಎಂದರು. ಕಂಟ್ರೋಲ್ ರೂಮಿನ ಗೋಡೆಯಲ್ಲಿ ಕಾಣುತ್ತಿದ್ದದ್ದೂ ಇದೇ ಎರಡನೇ ಪರದೆ. ಆನೆಯಷ್ಟು ದೊಡ್ಡದಾಗಿತ್ತು, ಅಷ್ಟೇ ವ್ಯತ್ಯಾಸ.

ನೀಲಗಂಗಾ ಗಂಟೆಯ ಕಡೆ ಕತ್ತೆತ್ತಿದಳು. "ಅತ್ತಿ, ಮೂರು ಹೊಡದ್ರೇನು?"

ನಾನೂ ಗಂಟೆಯ ಕಡೆ ನೋಡಿದೆ. ಮೂರು ಹೊಡೆದಿರಬಹುದು. ಹೊಡೆಯದೆಯೂ ಇರಬಹುದು. ನಾಲಗೆಗೆ ನಾನು ಕಟ್ಟಿದ ಕಣದ ತುಂಡು ಹಾಗೇ ಇತ್ತು.

ಹೊಡೆದಿದ್ದರೆ ಹನ್ನೊಂದು ಜನ ಒಳಗೆ ಕಾಯುತ್ತಿದ್ದಾರೆ, ಹೊಗೆಯಿದ್ದರೆ ಒಂದೊಂದು ಉಸಿರೂ ಲೆಕ್ಕ. ಹೊಡೆದಿರದಿದ್ದರೆ ಯಾರದೋ ಅರ್ಧ ಮೈ ಬಾಗಿಲ ಹೊರಗಿದೆ. ಅಂಥದ್ದರಲ್ಲಿ ಪಂಜರ ಎತ್ತಿದರೆ ಏನಾಗುತ್ತದೆಂದು ಜಂಬಣ್ಣ ಒಂದೇ ಒಂದು ಸಲ ಕಂಡಿದ್ದ. ಆ ದಿನ ಮನೆಗೆ ಬಂದು ಎರಡು ದಿನ ಅನ್ನ ಮುಟ್ಟಿರಲಿಲ್ಲ. ಅದು ಅವನ ತಪ್ಪಲ್ಲ, ಕೆಳಗಿನವನು ಸುಳ್ಳು ಗಂಟೆ ಹೊಡೆದಿದ್ದ. ಆದರೂ ಮುಟ್ಟಿರಲಿಲ್ಲ.

ಸ್ಟೂಲು ಹತ್ತಿದೆ. ನನ್ನ ಮೊಣಕಾಲು ಎರಡು ಹೊಲ ದೂರ ಕೇಳುವಷ್ಟು ಕಟಕಟ ಎನ್ನುತ್ತದೆ, ಅಂದು ಸದ್ದೇ ಮಾಡಲಿಲ್ಲ. ಗಂಟನ್ನು ಹಿಟ್ಟಿನ ಕೈಯಲ್ಲಿ ಬಿಚ್ಚಲಾಗದೆ ಹಲ್ಲಿನಲ್ಲಿ ಹರಿದೆ. ಕಣ ಬಿತ್ತು. ಗಂಟೆ ಬರಿದಾಯಿತು. ಏನೂ ಕೇಳಲಿಲ್ಲ. ಫೋನಿನಲ್ಲಿ ಪ್ರಾಣೇಶ್ ನೀಲಗಂಗಾಳ ಹೆಸರು ಹಿಡಿದು ಕರೆಯುತ್ತಿದ್ದರು.

ಜಂಬಣ್ಣ ಅನುಮಾನ ಬಂದಾಗ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದೆ. ಪಕ್ಕದ ಹಗ್ಗ ಹಿಡಿದು ಕೆಳಕ್ಕೆ ಮೂರು ಸಲ ಎಳೆದೆ. ಜನ ಒಳಗಿದ್ದೀರಾ ಎಂಬ ಪ್ರಶ್ನೆ ಅದು. ಒಳಗಿದ್ದರೆ ಕೆಳಗಿನವರು ಮೂರನ್ನೇ ತಿರುಗಿ ಹೊಡೆಯಬೇಕು.

ಕಾಯ್ದೆವು. ಹಂಚು ಕಾಯ್ದು ಹೊಗೆಯಾಡುತ್ತಿತ್ತು, ಯಾರೂ ಆರಿಸಲಿಲ್ಲ. ಬಲಗಡೆಯ ಪರದೆಯಲ್ಲಿ ಪಂಜರ ಆಗಲೇ ಏರುತ್ತಿತ್ತು. ನೀಲಗಂಗಾ ಹಿಡಿಕೆಯನ್ನು ಮುಟ್ಟಿಯೇ ಇರಲಿಲ್ಲ, ಆದರೂ ಅದು ಏರಿಸುತ್ತಿತ್ತು. ದಿನಾ ಈ ಹೊತ್ತಿಗೆ ಏರುತ್ತದಲ್ಲ.

ಗಂಟೆ ಹೊಡೆಯಿತು. ಒಂದು.

ನಾವಿಬ್ಬರೂ ಎರಡನೆಯದಕ್ಕೆ ಕಾಯ್ದೆವು. ಬರಲಿಲ್ಲ. ಒಂದೇ.

"ಎತ್ತಬ್ಯಾಡ ಅನ್ನಾಕತ್ಯಾರ," ಎಂದಳು ನೀಲಗಂಗಾ. ದನಿ ನೂಲಿನಷ್ಟು ಸಣ್ಣಗಿತ್ತು. ಫೋನಿಗೆ ಅದನ್ನೇ ಹೇಳಿದಳು. ಯಾರು ಹೊಡೆದರೆಂದು ಏನು ಖಾತರಿ, ಅದು ತುಕ್ಕು ಹಿಡಿದ ಹಳೆಯ ತಂತಿ ಎಂದರು ಪ್ರಾಣೇಶ್. ಅವರ ಮುಂದಿನ ಗೋಡೆಯಲ್ಲಿ ಪಂಜರ ಮೇಲೆ ಬಂದು ನಿಂತಿತ್ತು. ಜನ ಇಳಿಯುತ್ತಿದ್ದರು. ತಮ್ಮ ಕಿಟಕಿಯಿಂದ ಬಾವಿಯ ಬಾಯಿ ನೋಡಿದರೆ ಅಲ್ಲಿ ನರಪಿಳ್ಳೆ ಇಲ್ಲ. ಯಾವುದನ್ನು ನಂಬಬೇಕೆಂದು ತಿಳಿಯದೆ ಅವರ ಮಾತು ತೊದಲಿತು.

ನೀಲಗಂಗಾಳಿಗೂ ಅದೇ ಕಷ್ಟ. ಬೂದಿ ಪರದೆಯ ಮೂಲೆಯಲ್ಲಿ ಎಂಟು ನೂರು ಎಂಬ ಅಂಕಿ ಮಾತ್ರ. ಪಕ್ಕದಲ್ಲಿ ಗಂಡ ಬಿಸಿಲಲ್ಲಿ ನಡೆದು ಮನೆಯ ಕಡೆ ಬರುತ್ತಿದ್ದಾನೆ. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಆಮೇಲೆ ಆ ಪರದೆಯಲ್ಲಿ ನಮ್ಮ ಅಡುಗೆಮನೆಯೇ ಕಾಣಿಸಿತು. ಕಂಪ್ಯೂಟರಿನ ನೆತ್ತಿಯ ಕ್ಯಾಮೆರಾ ಕಣ್ಣು ದಿನಾ ನೋಡಿದ್ದ ಬಾಗಿಲು. ಆ ಬಾಗಿಲಿನಿಂದ ನನ್ನ ಮಗ ಒಳಗೆ ಬಂದ. ಹಿಂದೆ ತಿರುಗಿ ನೋಡಿದೆ. ಬಾಗಿಲಲ್ಲಿ ಬಿಸಿಲು ಬಿದ್ದಿತ್ತು, ಬೇರೇನೂ ಇರಲಿಲ್ಲ.

ಅವಳು ಅಳತೊಡಗಿದಳು. "ಬಂದಾನಲ್ಲ ಅತ್ತಿ, ಇಲ್ಲೇ ಬಂದಾನಲ್ಲ," ಎಂದು ಆ ಪರದೆಯನ್ನೇ ಮುಟ್ಟಿದಳು.

ಬಡಿದಿಟ್ಟ ರೊಟ್ಟಿ ಹಿಟ್ಟು ನಾದುವ ಮರದ ಕೊಣಮಿಗೆಯ ಮೇಲೆ ಹಸಿಯಾಗಿ ಬಿದ್ದಿತ್ತು. ಎರಡೂ ಅಂಗೈ ಮೇಲೆ ಎತ್ತಿ ಆ ಪರದೆಯ ಮುಖಕ್ಕೆ ಬಡಿದೆ. ಚೆನ್ನಾಗಿ ನಾದಿದ ಹಿಟ್ಟು, ಅಂಚಿನಿಂದ ಅಂಚಿಗೆ ಅಂಟಿಕೊಂಡಿತು. ಮಗನೂ ಮುಚ್ಚಿಹೋದ, ಬಾಗಿಲೂ ಮುಚ್ಚಿಹೋಯಿತು.

"ಈಗ ನಿನಗ ಒಂದ ಪರದಿ, ಒಂದ ಗಂಟಿ. ನಿಮ್ಮ ಮಾವಗ ಅಷ್ಟೂ ಇರಲಿಲ್ಲ," ಎಂದೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಫೋನಿಗೆ, ಗಂಟೆ ಬರುವವರೆಗೆ ಎತ್ತುವುದಿಲ್ಲ ಎಂದು ಹೇಳಿ ಇಟ್ಟಳು. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಹಿಡಿಕೆಯ ಪಕ್ಕ. ಕೂತಳು.

ಎಷ್ಟು ಹೊತ್ತು ಎಂದು ಆಮೇಲೆ ವಿಚಾರಣೆಯಲ್ಲಿ ಕೇಳಿದರು. ಒಂಬತ್ತು ನಿಮಿಷವಂತೆ. ನನ್ನ ಲೆಕ್ಕದಲ್ಲಿ ಆ ಹೊತ್ತಿಗೆ ಹೊಟ್ಟೆಯೊಳಗಿನ ಕೂಸು ಹುಟ್ಟಿ, ಬೆಳೆದು, ಮದುವೆಯಾಗಬಹುದಿತ್ತು.

ಗಂಟೆ ಹೊಡೆಯಿತು. ಒಂದು, ಎರಡು, ಮೂರು. ನಾನು ಹಗ್ಗ ಹಿಡಿದು ಮೂರು ತಿರುಗಿ ಕೊಟ್ಟೆ. ಸ್ವಲ್ಪ ತಡೆದು ನಾಲ್ಕು ಬಂತು.

ನೀಲಗಂಗಾ ಹಿಡಿಕೆ ಎಳೆದಳು. ಅಂಕಿ ಇಳಿಯತೊಡಗಿತು. ಏಳು ನೂರ ತೊಂಬತ್ತು, ಏಳು ನೂರ ಎಪ್ಪತ್ತು. ಎಂದಿನ ವೇಗದ ಕಾಲುಪಾಲು ಮಾತ್ರ. ಮುನ್ನೂರ ನಲವತ್ತರಲ್ಲಿ ಮತ್ತೆ ಒಂದು ಹೊಡೆಯಿತು. ಅವಳು ಆ ಕ್ಷಣವೇ ನಿಲ್ಲಿಸಿದಳು. ಮೂರು, ಆಮೇಲೆ ನಾಲ್ಕು. ಮತ್ತೆ ಎಳೆದಳು. ಸೊನ್ನೆ ಬಂದಾಗ ಹಿಡಿಕೆ ಬಿಗಿದು ನಿಲ್ಲಿಸಿ, ತಲೆಯನ್ನು ಕಟ್ಟೆಯ ಮೇಲಿಟ್ಟಳು. ಬಾವಿಯ ಬಾಯಿಂದ ಜನ ಕೂಗುವುದು ಕೇಳಿಸಿತು. ಇದು ಪರದೆಯದಲ್ಲ, ಕಿಟಕಿಯಿಂದ ಬಂದದ್ದು.

ಕೆಳಗೆ ಬಂಡೆಯ ಚೂರೊಂದು ಬಿದ್ದು ತಂತಿ ಕಡಿದಿತ್ತು, ಹುಸೇನಪ್ಪ ಎಂಬವನ ತೊಡೆಯ ಮೂಳೆಯೂ ಮುರಿದಿತ್ತು. ಅವನನ್ನು ಹಲಗೆಯ ಮೇಲೆ ಮಲಗಿಸಿ ಪಂಜರಕ್ಕೆ ತರುತ್ತಿದ್ದರು, ಏರುವಾಗ ನಡುವೆ ನಿಲ್ಲಿಸಿದ್ದೂ ಆ ಹಲಗೆ ಜಾರಿದ್ದಕ್ಕೇ. ಪರದೆ ಹಸಿರು ಪಟ್ಟಿ ತೋರಿಸಿದ ಹೊತ್ತಿಗೆ ಹಲಗೆಯ ತಲೆಯ ಕಡೆ ಒಳಗಿತ್ತು, ಕಾಲಿನ ಕಡೆ ಹೊರಗೆ. ನಡುವೆ ಹೊಸ್ತಿಲ ಮೇಲೆ ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟು ಹಲಗೆ ಹಿಡಿದು ನಿಂತವನು ಮೌನೇಶ. ಮೇಲಿನಿಂದ ಗಂಟೆಯ ಮೂರು ಹೊಡೆತ ಕೇಳಿದಾಗ ಅವನಿಗೆ ಕೈ ಖಾಲಿ ಇರಲಿಲ್ಲ. ಪಕ್ಕದ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಒಂದು ಸಲ ಎಳೆದನಂತೆ. ತಾಯಿ ಮೇಲೆ ಹಲ್ಲಿನಲ್ಲಿ ಗಂಟು ಹರಿದಾಗ ಮಗ ಕೆಳಗೆ ಹಲ್ಲಿನಲ್ಲಿ ಹಗ್ಗ ಹಿಡಿದಿದ್ದ. ನಮ್ಮ ವಂಶದಲ್ಲಿ ಹಲ್ಲು ಗಟ್ಟಿ.

ಹದಿನೈದು ದಿನದ ಮೇಲೆ ಕಂಟ್ರೋಲ್ ರೂಮಿನಲ್ಲಿ ವಿಚಾರಣೆ. ಮೂವರು ಅಧಿಕಾರಿಗಳು, ಗಂಭೀರ ಮುಖ. ಗಂಟೆಗೆ ಬಟ್ಟೆ ಕಟ್ಟಿದವಳು ನಾನು ಎಂದು ಅವರು ಕೇಳುವ ಮೊದಲೇ ಹೇಳಿದೆ. ಅವರಲ್ಲಿ ಒಬ್ಬರು ಬರೆದುಕೊಂಡರು. ಎತ್ತಿ ಎಂದವನು ತಾನು ಎಂದು ಪ್ರಾಣೇಶ್ ಹೇಳಿದರು. ಅದನ್ನೂ ಬರೆದುಕೊಂಡರು. ಆ ಮನುಷ್ಯ ಹದಿನೈದು ದಿನದಲ್ಲಿ ಇನ್ನೂ ಅರ್ಧ ಆಗಿದ್ದರು, ನೆರಳು ಬೀಳುವುದೂ ಕಷ್ಟವಿತ್ತು. ಹೋಗುವಾಗಲೇ ಅವರಿಗೆ ನಾಲ್ಕು ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ.

ದೊಡ್ಡ ಅಧಿಕಾರಿ ನೀಲಗಂಗಾಳನ್ನು ಕೇಳಿದರು, ಇಂಥ ಕಂಪ್ಯೂಟರಿಗೆ ಎರಡನೇ ಪರದೆ ಬೇಕೇ ಬೇಡವೇ. ಬೇಕು, ಕುತ್ತಿಗೆ ನೋಯುತ್ತದೆ ಎಂದಳು ಅವಳು. ಆದರೆ ಅದು ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬೂದಿ ಮಾಡಿ ತೋರಿಸಲಿ, ಸುಮ್ಮನೆ ತುಂಬಬಾರದು ಎಂದಳು.

ಆಮೇಲೆ ಆ ಪರದೆಯ ನೆನಪಿನಲ್ಲಿ ಉಳಿದದ್ದನ್ನು ಗೋಡೆಯ ಮೇಲೆ ಹಾಕಿ ತೋರಿಸಿದರು. ಎರಡು ಗಂಟೆ ಹತ್ತಕ್ಕೆ ಪಂಜರ ಏರಿತು. ಹದಿನೈದಕ್ಕೆ ಜನ ಇಳಿದರು, ಹುಸೇನಪ್ಪ ಎರಡೂ ಕಾಲಿನಲ್ಲಿ ನಡೆದ. ಇಪ್ಪತ್ತಕ್ಕೆ ನನ್ನ ಮಗ ಡಬ್ಬಿ ಹಿಡಿದು ಬಾಗಿಲಲ್ಲಿ ಬಂದ. ಕೈ ತೊಳೆದ. ನಾನು ನಗುತ್ತಾ ತಟ್ಟೆ ಇಟ್ಟೆ. ಎರಡು ಗಂಟೆ ಇಪ್ಪತ್ತೈದಕ್ಕೆ ಅವನು ಉಬ್ಬಿದ ಬಿಸಿ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ, ಬಾಯಿಗಿಟ್ಟುಕೊಂಡ. ಮೌನೇಶ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದ.

ಎಲ್ಲ ಎಷ್ಟು ಸಹಜವಾಗಿದೆ ಎಂದು ಅಧಿಕಾರಿಯೊಬ್ಬರು ಮೆಲ್ಲಗೆ ಅಂದರು. ತಪ್ಪು ಎಲ್ಲಿದೆ ಎಂದು ಹುಡುಕುವುದೇ ಕಷ್ಟ ಎಂದರು.

"ಕಷ್ಟ ಏನೈತ್ರೀ," ಎಂದೆ. "ಅವ ತಿನ್ನಾಕತ್ತಿರೋ ರೊಟ್ಟಿ ಆ ಹೊತ್ನ್ಯಾಗ ಆ ಪರದಿ ಮಾರಿ ಮ್ಯಾಲ ಇತ್ತು."